ಗವಿಯಜ್ಜನ ಮೂರು ಚುಟ್ಟಗಳು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಆಕಳಿಸಿ ಮೈಮುರಿಯುತ್ತಿದ್ದ ಕಾಲದಲ್ಲಿ, ಏಳುಕಣಿವೆ ಎಂಬ ಒಂದು ರಾಜ್ಯವಿತ್ತು. ಅದರ ಉತ್ತರಕ್ಕೆ ಒಂದು ಎತ್ತರದ ಬೆಟ್ಟ. ಬೆಟ್ಟದ ನೆತ್ತಿಯ ಗವಿಯಲ್ಲಿ ಒಬ್ಬ ದೈತ್ಯ ವಾಸವಾಗಿದ್ದ. ಅವನ ವಯಸ್ಸು ಎಷ್ಟೆಂದು ಯಾರಿಗೂ ತಿಳಿಯದು. ಎಲ್ಲರೂ ಅವನನ್ನು ಗವಿಯಜ್ಜ ಎಂದು ಕರೆಯುತ್ತಿದ್ದರು.

ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಗವಿಯಜ್ಜ ಮೊಳದುದ್ದದ ಒಂದು ಚುಟ್ಟ ಸೇದುತ್ತಿದ್ದ. ಒಂದೇ ಒಂದು. ಅದರ ಹೊಗೆ ಬೆಟ್ಟದಿಂದ ಇಳಿದು, ನೀಲಿ ಮಂಜಾಗಿ ರಾಜ್ಯದ ಸುತ್ತ ಹರಡಿ, ಮುಂದಿನ ಅಮಾವಾಸ್ಯೆಯವರೆಗೆ ಅಲ್ಲೇ ನಿಲ್ಲುತ್ತಿತ್ತು. ಬೆಟ್ಟದಾಚೆ ಉರಿಮಾರನೆಂಬ ಮಾಂತ್ರಿಕನಿದ್ದ. ಅವನು ಕಣ್ಣಿಟ್ಟು ನೋಡಿದ್ದೆಲ್ಲ ಹೊತ್ತಿ ಉರಿಯುತ್ತಿತ್ತು. ತನ್ನ ಸೀಮೆಯನ್ನು ನೋಡಿ ನೋಡಿಯೇ ಅವನು ಬೂದಿ ಮಾಡಿದ್ದ. ಏಳುಕಣಿವೆಯ ಮೇಲೂ ಅವನಿಗೆ ಆಸೆ. ಆದರೆ ಆ ನೀಲಿ ಮಂಜಿನಲ್ಲಿ ಅವನ ಕಣ್ಣಿನ ಬೆಂಕಿ ಹತ್ತುತ್ತಿರಲಿಲ್ಲ.

ಚುಟ್ಟದ ಹೊಗೆಸೊಪ್ಪು ವರ್ಷಕ್ಕೆ ಒಂದೇ ಬೆಳೆ. ಸುತ್ತಿದ ಹನ್ನೆರಡು ಚುಟ್ಟಗಳನ್ನು ವರ್ಷವಿಡೀ ಕಾಪಾಡಬೇಕು. ಅದಕ್ಕೆಂದೇ ಅರಮನೆಯಲ್ಲಿ ಚಿನ್ನದ ಪಟ್ಟಿ ಬಡಿದ ದೇವದಾರು ಮರದ ಪೆಟ್ಟಿಗೆಯಿತ್ತು. ಬೊಮ್ಮಯ್ಯ ಎಂಬ ಮುದುಕ ನಲವತ್ತು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದ.

ಒಂದು ದಿನ ಉರಿಮಾರ ಒಂದು ಬೆಂಕಿಹಕ್ಕಿಯನ್ನು ಕಳಿಸಿದ. ಅದು ಅರಮನೆಯ ಕಿಟಕಿಯಿಂದ ನುಗ್ಗಿ ಪೆಟ್ಟಿಗೆಯ ಮೇಲೆ ಕೂತಿತು. ಪೆಟ್ಟಿಗೆ ಧಗ್ಗನೆ ಹೊತ್ತಿಕೊಂಡಿತು. ಬೊಮ್ಮಯ್ಯ ಉರಿಯೊಳಗೆ ಕೈಹಾಕಿ, ಆ ವರ್ಷಕ್ಕೆ ಮಿಕ್ಕಿದ್ದ ಮೂರು ಚುಟ್ಟಗಳನ್ನು ಉಳಿಸಿದ. ಹೊಸ ಬೆಳೆಗೆ ಇನ್ನೂ ಮೂರು ಅಮಾವಾಸ್ಯೆ ಕಳೆಯಬೇಕಿತ್ತು. ಮೂರು ಅಮಾವಾಸ್ಯೆ, ಮೂರು ಚುಟ್ಟ. ಒಂದು ಕೆಟ್ಟರೂ ರಾಜ್ಯವೇ ಹೋದಂತೆ.

ರಾಣಿ ಹೊನ್ನಾಜಿ ಸಭೆ ಕರೆದಳು. ಬಡಗಿಗಳು ಹೊಸ ಪೆಟ್ಟಿಗೆಗೆ ಮರ ಒಣಗಲು ಒಂದು ವರ್ಷ ಬೇಕೆಂದರು. ಸಿರಿವಂತರು ದೇವದಾರು ಪೆಟ್ಟಿಗೆಯಿಲ್ಲದೆ ಆ ಕೆಲಸ ಆಗದೆಂದು ಕೈಚೆಲ್ಲಿದರು. ಬೊಮ್ಮಯ್ಯನ ಎರಡು ಕೈಗೂ ಬಟ್ಟೆ ಸುತ್ತಿತ್ತು.

ಆಗ ಅಡುಗೆಮನೆಗೆ ಉಪ್ಪು ತಂದಿದ್ದ ಕೇತಯ್ಯ ಎಂಬ ಯುವಕ ಬಾಗಿಲಲ್ಲೇ ನಿಂತು ಹೇಳಿದ. "ರಾಣಿಯಮ್ಮ, ನಾನು ಕಾಯ್ತೀನಿ."

"ನಿನಗೆ ಚುಟ್ಟದ ವಿಷಯ ಏನು ಗೊತ್ತಪ್ಪ?" ಎಂದು ರಾಣಿ ಕೇಳಿದಳು.

"ಏನೂ ಗೊತ್ತಿಲ್ಲ ತಾಯಿ. ಒಂದು ದಿನವೂ ಸೇದಿದವನಲ್ಲ. ಆದರೆ ನನ್ನ ಮನೆ ಇರೋದು ಬೆಟ್ಟದ ಬುಡದಲ್ಲಿ. ಮಂಜು ಹೋದರೆ ಮೊದಲು ಉರಿಯೋದು ನಮ್ಮೂರೇ. ಬೊಮ್ಮಯ್ಯನವರು ಹೇಳಿಕೊಟ್ಟರೆ ಕಲಿತೀನಿ."

ಬೊಮ್ಮಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದನಲ್ಲ, ಇವನಿಗೆ ಕಲಿಸಬಹುದು" ಎಂದ. ಮೂರು ಚುಟ್ಟಗಳನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಇಬ್ಬರೂ ಬೆಟ್ಟದ ಬುಡಕ್ಕೆ ಹೊರಟರು.

ಕೇತಯ್ಯನ ಹೆಂಡತಿ ಮಲ್ಲವ್ವ ಗಂಡನ ಮಾತು ಕೇಳಿ, ಚುಟ್ಟಗಳ ಉದ್ದವನ್ನು ಮೊಳ ಹಾಕಿ ನೋಡಿದಳು. ಆಮೇಲೆ ಅಟ್ಟದಿಂದ ಒಂದು ಉದ್ದನೆಯ ಪಿಂಗಾಣಿ ಭರಣಿ ಇಳಿಸಿದಳು. "ಇದು ಸಾಲುತ್ತಾ ಅಜ್ಜ?"

ಬೊಮ್ಮಯ್ಯ ಭರಣಿಯೊಳಗೆ ಮೂಗಿಟ್ಟ. "ಇದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ಯಾ ಮಗಳೇ? ಚುಟ್ಟ ಪಕ್ಕದಲ್ಲಿರೋ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತೆ. ಗವಿಯಜ್ಜನಿಗೆ ಇಂಗು ಸಾಸಿವೆ ಬಾಯಿಗೆ ಬಂದರೆ ಸೀನಿ ಸೀನಿ ಬೆಟ್ಟವನ್ನೇ ಉರುಳಿಸ್ತಾನೆ."

ಮಲ್ಲವ್ವ ನಕ್ಕಳು. ಇನ್ನೂ ಬಳಸದ ಬೇರೊಂದು ಭರಣಿ ತಂದು, ತೊಳೆದು ಬಿಸಿಲಿಗಿಟ್ಟಳು. ಬೊಮ್ಮಯ್ಯ ಜೊತೆಗೆ ತಂದಿದ್ದ, ಸುಟ್ಟ ಪೆಟ್ಟಿಗೆಯಲ್ಲಿ ಉಳಿದಿದ್ದ ದೇವದಾರಿನ ಎರಡು ಚೂರುಗಳನ್ನು ಕೇತಯ್ಯ ಮಸಿ ಹೆರೆದು ಚುಟ್ಟಗಳ ಜೊತೆ ಒಳಗಿಟ್ಟ. ಮೇಲೆ ಮುಚ್ಚಳ, ಮುಚ್ಚಳದ ಸುತ್ತ ಜೇನುಮೇಣ ಮೆತ್ತಿದ ಬಟ್ಟೆ. ಬಿಸಿಲು ಬೀಳದ ಮೂಲೆಯಲ್ಲಿ ಭರಣಿ ಕೂತಿತು.

"ಚಿನ್ನದ ಪಟ್ಟಿ ಇಲ್ಲ ಅಷ್ಟೆ. ಚುಟ್ಟಕ್ಕೆ ಚಿನ್ನ ಯಾಕೆ ಬೇಕು?" ಎಂದ ಬೊಮ್ಮಯ್ಯ. "ಅದಕ್ಕೆ ಬೇಕಾದ್ದು ಮೂರೇ. ಬಾಯಾರಬಾರದು, ನೆನೆಯಬಾರದು, ಹುಳ ಮುಟ್ಟಬಾರದು."

ಬೆಟ್ಟದಾಚೆಯಿಂದ ಉರಿಮಾರ ಇದನ್ನೆಲ್ಲ ಕೇಳಿಸಿಕೊಂಡ. ಅವನ ಕಣ್ಣಿಗೆ ಮಂಜು ಅಡ್ಡವಿತ್ತು, ಕಿವಿಗಿರಲಿಲ್ಲ.

ಮೊದಲು ಅವನು ಗಾಳಿನರಿಯನ್ನು ಕಳಿಸಿದ. ಅದರ ಮೈಯೆಲ್ಲ ಒಣಗಾಳಿ. ಅದು ಕೇತಯ್ಯನ ಮನೆಯನ್ನು ಸುತ್ತಿ ಸುತ್ತಿ ಓಡಿತು. ಬಿಂದಿಗೆಯ ನೀರು ಬತ್ತಿತು, ಮಲ್ಲವ್ವನ ತುಟಿ ಒಡೆಯಿತು, ಜೇನುಮೇಣ ಬಿರುಕುಬಿಟ್ಟಿತು. ಕೇತಯ್ಯ ಭರಣಿ ತೆರೆದು ಒಂದು ಚುಟ್ಟವನ್ನು ಮೆಲ್ಲಗೆ ಒತ್ತಿದ. ಅದು ಒಣಗಿದ ತರಗೆಲೆಯಂತೆ ಚಟಚಟ ಎಂದಿತು.

ಅವನು ಚೊಂಬಿನ ತಳದಲ್ಲಿದ್ದ ನೀರನ್ನು ಚುಟ್ಟದ ಮೇಲೆ ಸುರಿಯಹೋದ. ಬೊಮ್ಮಯ್ಯ ತನ್ನ ಸುಟ್ಟ ಕೈಯಿಂದಲೇ ತಡೆದ.

"ಬೇಡಪ್ಪ. ಒಂದೇ ಸಲ ನೀರು ಕುಡಿಸಿದರೆ ಸೊಪ್ಪು ಉಬ್ಬಿ ಸೀಳಿಹೋಗುತ್ತೆ. ಬಟ್ಟೆ ನೆನೆಸಿ, ಹಿಂಡಿ, ಒಂದು ಬಟ್ಟಲಲ್ಲಿಟ್ಟು ಭರಣಿಯೊಳಗೆ ಇಳಿಸು. ಚುಟ್ಟಕ್ಕೆ ತಾಗಬಾರದು. ಆಮೇಲೆ ಸುಮ್ಮನೆ ಕಾಯಿ."

ಕೇತಯ್ಯ ಹಾಗೇ ಮಾಡಿದ. ಮೇಣವನ್ನು ಹೊಸದಾಗಿ ಮೆತ್ತಿದ. ಒಂದು ದಿನ ಕಾದ, ಎರಡು ದಿನ ಕಾದ. ತೆರೆದು ನೋಡಬೇಕೆಂದು ಕೈ ತುರಿಸುತ್ತಿತ್ತು. ಮಲ್ಲವ್ವ ಭರಣಿಯ ಮುಂದೆ ಕೂತು ಸೊಪ್ಪು ಸೋಸುತ್ತಾ ಅವನನ್ನು ಹತ್ತಿರ ಬಿಡಲಿಲ್ಲ. ಹತ್ತನೆಯ ದಿನ ತೆರೆದು ಒತ್ತಿದರೆ ಚುಟ್ಟ ಮೆತ್ತಗೆ ಬಾಗಿ ಮತ್ತೆ ನೆಟ್ಟಗಾಯಿತು. ಹೊರಗೆ ಗಾಳಿನರಿ ಓಡಿ ಓಡಿ ಸವೆದು, ಒಂದು ತಂಗಾಳಿಯಾಗಿ ಬೆಟ್ಟ ಹತ್ತಿ ಹೋಯಿತು.

ಅಮಾವಾಸ್ಯೆಯ ಬೆಳಿಗ್ಗೆ ಕೇತಯ್ಯ ಚುಟ್ಟ ಹೊತ್ತು ಗವಿಗೆ ಹೋದ. ಗವಿಯಜ್ಜ ಅದನ್ನು ಮೂಸಿ, ಹೊತ್ತಿಸಿ, ಕಣ್ಣುಮುಚ್ಚಿ ಎಳೆದ. "ಪರವಾಗಿಲ್ಲ" ಎಂದ. ನೀಲಿ ಮಂಜು ಬೆಟ್ಟ ಇಳಿಯಿತು.

ಎರಡನೆಯ ಸಲ ಉರಿಮಾರ ಜೌಗುಕಪ್ಪೆಯನ್ನು ಕಳಿಸಿದ. ಅದು ಎಮ್ಮೆಯಷ್ಟು ದೊಡ್ಡದು. ಮನೆಯ ಹಿಂದೆ ಕೂತು ಉಸಿರುಬಿಟ್ಟರೆ ಸಾಕು, ಗೋಡೆಗಳು ಬೆವರುತ್ತಿದ್ದವು, ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಹಪ್ಪಳಗಳು ಮೆತ್ತಗಾದವು. ಕೇತಯ್ಯ ಭರಣಿ ತೆರೆದಾಗ ಚುಟ್ಟಗಳ ಮೇಲೆ ಬಿಳಿಯ ಬೂಷ್ಟು ಕಂಡಿತು.

"ಮೇಲಿನದು ಮಾತ್ರ, ಒಳಕ್ಕಿಳಿದಿಲ್ಲ" ಎಂದು ಬೊಮ್ಮಯ್ಯ ಸಮಾಧಾನ ಹೇಳಿದ. ಒಣಬಟ್ಟೆಯಿಂದ ಬೂಷ್ಟು ಒರೆಸಿ, ಭರಣಿಯನ್ನೂ ಬಿಸಿ ಬೂದಿಯಿಂದ ಉಜ್ಜಿ ಒಣಗಿಸಿದರು. ಆದರೆ ಕಪ್ಪೆ ಅಲ್ಲಿ ಉಸಿರಾಡುತ್ತಿರುವವರೆಗೆ ತೇವ ಮತ್ತೆ ಬರುವುದು ಖಂಡಿತ. ಒದ್ದೆ ಬಟ್ಟೆ ಇಟ್ಟರೆ ಬೂಷ್ಟು, ತೆಗೆದರೆ ಮುಂದೆ ಎಂದೋ ಒಣಗುವ ಭಯ. ಬೊಮ್ಮಯ್ಯನಿಗೂ ದಾರಿ ತೋಚಲಿಲ್ಲ. ಅವನ ಪೆಟ್ಟಿಗೆಯಲ್ಲಿ ಮರವೇ ಹೆಚ್ಚಿನ ತೇವ ಕುಡಿದು, ಒಣಗಿದಾಗ ಬಿಡುತ್ತಿತ್ತು. ಇಲ್ಲಿರುವ ಎರಡು ಚೂರಿಗೆ ಅಷ್ಟು ಶಕ್ತಿಯೆಲ್ಲಿ?

ಕೇತಯ್ಯ ಜಗಲಿಯಲ್ಲಿ ಕೂತು ತನ್ನ ಉಪ್ಪಿನ ಮೂಟೆಗಳನ್ನೇ ನೋಡುತ್ತಿದ್ದ. ಮಳೆಗಾಲದಲ್ಲಿ ಮೂಟೆ ನೀರು ಕುಡಿದು ಹೆಗಲು ಮುರಿಯುವಷ್ಟು ಭಾರವಾಗುವುದು, ಬೇಸಿಗೆಯಲ್ಲಿ ಆ ನೀರನ್ನೆಲ್ಲ ಬಿಟ್ಟು ಹಗುರಾಗುವುದು ಅವನಿಗೆ ಗೊತ್ತಿತ್ತು. ಅವನು ಎದ್ದು ಒಂದು ಬಟ್ಟಲಲ್ಲಿ ಉಪ್ಪು ಹಾಕಿ, ಅದು ಕರಗದಂತೆ ತುಸುವೇ ನೀರು ಬೆರೆಸಿ ಗಟ್ಟಿ ಗಂಜಿಯಂತೆ ಕಲಸಿದ. ಬಟ್ಟಲ ಬಾಯಿಗೆ ತೆಳುಬಟ್ಟೆ ಕಟ್ಟಿ ಭರಣಿಯೊಳಗಿಟ್ಟ.

"ಹೆಚ್ಚಾದರೆ ಇದು ಕುಡಿಯುತ್ತೆ ಅಜ್ಜ. ಕಡಿಮೆಯಾದರೆ ಇದೇ ಕೊಡುತ್ತೆ."

ವಾರ ಕಳೆದು ತೆರೆದಾಗ ಬೂಷ್ಟಿನ ಸುಳಿವಿರಲಿಲ್ಲ. ಚುಟ್ಟಗಳು ಒಣಗಿರಲೂ ಇಲ್ಲ, ನೆನೆದಿರಲೂ ಇಲ್ಲ. ಬೊಮ್ಮಯ್ಯ ಅವನ್ನು ಒತ್ತಿ ನೋಡಿ, ಮೂಸಿ ನೋಡಿ ಹೇಳಿದ. "ನಲವತ್ತು ವರ್ಷ ನಾನು ಆ ಪೆಟ್ಟಿಗೆ ಒರೆಸುತ್ತಾ ಕೂತಿದ್ದೆ. ಇದು ನನಗೆ ಹೊಳೆದಿರಲಿಲ್ಲ ನೋಡು."

ಮಲ್ಲವ್ವ ಮಿಕ್ಕ ಉಪ್ಪನ್ನು ಮೊರದಲ್ಲಿ ತುಂಬಿಕೊಂಡು ಹಿತ್ತಿಲಿಗೆ ಹೋಗಿ ಕಪ್ಪೆಯ ಸುತ್ತ ಸುರಿದಳು. ಕಪ್ಪೆಯ ಮೈಯ ನೀರೆಲ್ಲ ಇಳಿದು ಅದು ಅಂಗೈಯಷ್ಟಾಯಿತು. ಮಂತ್ರ ಕಳಚಿದ ಖುಷಿಗೆ ಒಮ್ಮೆ ವಟಗುಟ್ಟಿ ಹಳ್ಳಕ್ಕೆ ಹಾರಿತು. ಅಮಾವಾಸ್ಯೆಯಂದು ಗವಿಯಜ್ಜ ಚುಟ್ಟ ಎಳೆದು "ಚೆನ್ನಾಗಿದೆ" ಎಂದ. ನೀಲಿ ಮಂಜು ಬೆಟ್ಟ ಇಳಿಯಿತು.

ಮೂರನೆಯ ಸಲ ಉರಿಮಾರ ತಾನೇ ಬಂದ. ಮಂಜಿನಲ್ಲಿ ಅವನ ಕಣ್ಣು ಉರಿಯದಿದ್ದುದರಿಂದ ಯಾರಿಗೂ ಗುರುತು ಸಿಗಲಿಲ್ಲ. ರೇಷ್ಮೆ ಪೇಟ ಸುತ್ತಿ, ವರ್ತಕನ ವೇಷದಲ್ಲಿ, ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಕೇತಯ್ಯನ ಜಗಲಿಗೆ ಬಂದು ಕೂತ. ಸುಟ್ಟುಹೋದ ಪೆಟ್ಟಿಗೆಗಿಂತ ಇದು ಸೊಗಸಾಗಿತ್ತು. ಚಿನ್ನದ ಪಟ್ಟಿ, ದಂತದ ಕೆತ್ತನೆ, ಒಳಗೆಲ್ಲ ದೇವದಾರಿನ ಘಮ.

"ರಾಜ್ಯ ಕಾಯುವ ಚುಟ್ಟ ಮಣ್ಣಿನ ಭರಣಿಯಲ್ಲಿದೆ ಅಂತ ಕೇಳಿದೆ. ಮನಸ್ಸಿಗೆ ನೋವಾಯಿತು" ಎಂದ ವರ್ತಕ. "ಇದನ್ನು ಸುಮ್ಮನೆ ಕೊಡ್ತೀನಿ. ಇವತ್ತೇ ಚುಟ್ಟವನ್ನು ಇದಕ್ಕೆ ಬದಲಾಯಿಸು."

ಕೇತಯ್ಯನಿಗೆ ಆಸೆಯಾಯಿತು. ತನ್ನ ಭರಣಿ ಒಮ್ಮೆಲೇ ಬಡವಾಗಿ ಕಂಡಿತು. ಪೆಟ್ಟಿಗೆಯ ಮುಚ್ಚಳ ಸವರುತ್ತಾ ಅವನು ಹೆಂಡತಿಯ ಕಡೆ ನೋಡಿದ.

"ಪೆಟ್ಟಿಗೆ ಚೆನ್ನಾಗಿದೆ" ಎಂದಳು ಮಲ್ಲವ್ವ. "ಆದರೆ ಹೊಸ ಅಕ್ಕಿಯನ್ನು ಹಳೇ ಅಕ್ಕಿಗೆ ಸುರಿಯೋ ಮೊದಲು ನಾಲ್ಕು ದಿನ ಬೇರೆ ಇಟ್ಟು ನೋಡಲ್ವಾ ನಾವು? ಇದನ್ನೂ ಹಾಗೇ ನೋಡೋಣ."

ಕೇತಯ್ಯ ಹೊಲದಲ್ಲಿ ಬಲಿಯುತ್ತಿದ್ದ ಹೊಗೆಸೊಪ್ಪಿನ ಒಂದು ಎಲೆ ಕಿತ್ತು ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು ದನದ ಕೊಟ್ಟಿಗೆಯಲ್ಲಿ ದೂರ ಇಟ್ಟ. ವರ್ತಕ ಹಲ್ಲು ಕಡಿಯುತ್ತಾ ಊರಲ್ಲೇ ಉಳಿದ. ಅಮಾವಾಸ್ಯೆಯ ಬೆಳಿಗ್ಗೆ ತೆರೆದು ನೋಡಿದರೆ ಎಲೆಯ ತುಂಬ ಸೂಜಿಮೊನೆಯಂಥ ತೂತು. ದೇವದಾರಿನ ಸಂದುಗಳಿಂದ ಸಾಸಿವೆಯಷ್ಟು ಕಂದು ಹುಳಗಳು ಇಣುಕಿದವು. ಇವು ಚುಟ್ಟಕ್ಕೆ ಹೊಕ್ಕಿದ್ದರೆ ಹೊಗೆಯೆಲ್ಲ ತೂತುಗಳಲ್ಲಿ ಸೋರಿ, ಮಂಜು ಹುಟ್ಟುತ್ತಲೇ ಇರಲಿಲ್ಲ.

ಕೇತಯ್ಯ ಪೆಟ್ಟಿಗೆಯನ್ನು ವರ್ತಕನ ಮುಂದಿಟ್ಟ. "ನಿಮ್ಮ ಪೆಟ್ಟಿಗೆ ನಿಮಗೇ ಇರಲಿ ಸ್ವಾಮಿ."

ವರ್ತಕ ಪೇಟ ಕಿತ್ತೆಸೆದ. ಹಳೆಯ ಮಂಜು ಆಗಲೇ ತೆಳುವಾಗುತ್ತಿತ್ತು, ಅವನ ಕಣ್ಣಂಚು ಕೆಂಪಾಗುತ್ತಿತ್ತು. ಜಗಲಿಯ ಚಾಪೆ ಸಣ್ಣಗೆ ಹೊಗೆಯಾಡಿತು. ಆಗ ಎಲ್ಲರಿಗೂ ಇವನಾರೆಂದು ತಿಳಿಯಿತು.

ಕೇತಯ್ಯ ಭರಣಿಯನ್ನು ತಬ್ಬಿಕೊಂಡು ಬೆಟ್ಟ ಹತ್ತಿ ಓಡಿದ. ಉರಿಮಾರ ಹಿಂದೆಯೇ ಓಡಿದ. ಅವನು ನೋಡಿದ ಕಡೆ ಹುಲ್ಲು ಕಮರಿತು, ಕೇತಯ್ಯನ ಪಂಚೆಯ ಅಂಚು ಕರಕಲಾಯಿತು, ಬೆನ್ನು ಚುರುಗುಟ್ಟಿತು. ಭರಣಿಯ ಹೊರಮೈ ಬಿಸಿಯಾಯಿತು, ಆದರೆ ಒಳಗಿನ ಚುಟ್ಟ ತಣ್ಣಗಿತ್ತು. ಗವಿಯ ಬಾಗಿಲಲ್ಲಿ ಕೇತಯ್ಯ ಮುಗ್ಗರಿಸಿ ಬಿದ್ದು ಭರಣಿಯನ್ನು ಮುಂದೆ ಚಾಚಿದ.

ಗವಿಯಜ್ಜ ಎರಡು ಬೆರಳಲ್ಲಿ ಚುಟ್ಟವನ್ನೆತ್ತಿಕೊಂಡ. ಬಾಗಿಲಲ್ಲಿ ನಿಂತು ಉರಿಗಣ್ಣು ಬಿಡುತ್ತಿದ್ದ ಉರಿಮಾರನನ್ನು ನೋಡಿದ. "ಬೆಂಕಿ ತಂದಿದ್ದೀಯಲ್ಲ, ಒಳ್ಳೆಯದಾಯಿತು" ಎಂದು ಚುಟ್ಟದ ತುದಿಯನ್ನು ಅವನ ನೋಟಕ್ಕೇ ಹಿಡಿದು ಹೊತ್ತಿಸಿಕೊಂಡ. ಎದೆ ತುಂಬ ಎಳೆದು, ಅವನ ಮುಖದ ಮೇಲೆ ಹೊಗೆ ಬಿಟ್ಟ.

ಹುಟ್ಟಿದಂದಿನಿಂದ ಉರಿಮಾರ ಅತ್ತವನಲ್ಲ. ಈಗ ಅವನ ಕಣ್ಣಲ್ಲಿ ನೀರು ಬಂತು. ಬಂದದ್ದು ನಿಲ್ಲಲೇ ಇಲ್ಲ. ಕೆನ್ನೆಯ ಮೇಲೆ ಇಳಿದು, ಗಡ್ಡ ನೆನೆದು, ನೆಲಕ್ಕೆ ಹರಿಯಿತು. ಕಣ್ಣಿನ ಬೆಂಕಿ ಚುಯ್ಯೆಂದು ಆರಿತು. ಒರೆಸಿಕೊಂಡು ನೋಡಿದರೆ ಅವನೊಬ್ಬ ಸಾಮಾನ್ಯ ಮುದುಕ. ಕೆಳಗೆ ಹಸಿರು ಕಣಿವೆಗಳನ್ನು ಕಂಡು, "ಸುಡದೇ ಇದ್ದರೆ ಊರು ಹೀಗೆ ಕಾಣುತ್ತಾ?" ಎಂದು ಅವನು ಮೆಲ್ಲಗೆ ಕೇಳಿದ. ಯಾರೂ ಅವನನ್ನು ಹೊಡೆಯಲಿಲ್ಲ. ಅವನು ಇಳಿದು ತನ್ನ ಸೀಮೆಗೆ ಹೋಗಿ, ಬೂದಿಯನ್ನೇ ಗೊಬ್ಬರ ಮಾಡಿ ಮರ ನೆಟ್ಟ. ನೆಟ್ಟ ಮರ ನೋಡಿದಷ್ಟೂ ಬೆಳೆಯಿತು.

ಗವಿಯಜ್ಜ ಕೊನೆಯ ಚುಟ್ಟವನ್ನು ಪೂರ್ತಿ ಸೇದಿ ಮುಗಿಸಿದ. "ಇಂಥದ್ದನ್ನು ನನ್ನ ಆಯಸ್ಸಿನಲ್ಲೇ ಸೇದಿರಲಿಲ್ಲ" ಎಂದ.

ಮರುವಾರ ಹೊಸ ಸೊಪ್ಪು ಬಂತು, ಹೊಸ ಚುಟ್ಟಗಳಾದವು. ರಾಣಿ ಹೊನ್ನಾಜಿ ತಾನೇ ಬೆಟ್ಟದ ಬುಡಕ್ಕೆ ಬಂದು, ಭರಣಿಯಲ್ಲಿ ಅವು ಹೇಗಿವೆ ಎಂದು ಒತ್ತಿ ನೋಡಿ, ಕೇತಯ್ಯನನ್ನೇ ಕಾವಲಿಗಿಟ್ಟಳು. ಬೊಮ್ಮಯ್ಯ ವಾಸಿಯಾದ ಕೈಯಿಂದ ಮಲ್ಲವ್ವ ಬಡಿಸಿದ ರೊಟ್ಟಿ ಮುರಿದು ತಿನ್ನುತ್ತಾ ಅಲ್ಲೇ ಉಳಿದ. ಈಗ ಹೆದರಬೇಕಾದ ಶತ್ರು ಯಾರೂ ಇರಲಿಲ್ಲ. ಆದರೂ ಅಮಾವಾಸ್ಯೆ ಬಂದರೆ ಕೇತಯ್ಯ ಚುಟ್ಟ ಹೊತ್ತು ಬೆಟ್ಟ ಹತ್ತುತ್ತಿದ್ದ, ಗವಿಯಜ್ಜ ಪಕ್ಕದಲ್ಲಿ ಕೂರಲು ಕಲ್ಲು ಹಾಕಿಕೊಡುತ್ತಿದ್ದ, ಇಬ್ಬರೂ ಕೆಳಗಿನ ಊರುಗಳನ್ನು ನೋಡುತ್ತಾ ಕೂರುತ್ತಿದ್ದರು. ಏಳುಕಣಿವೆಯ ಜನ ಹೊಟ್ಟೆತುಂಬ ಉಂಡು, ನೆಮ್ಮದಿಯಾಗಿ ಮಲಗಿ, ನಗುನಗುತ್ತಾ ಬಹುಕಾಲ ಬಾಳಿದರು.