ಸ್ಟೇಜಿಂಗ್‌ನಲ್ಲಿ ಕೂಡಿದ ಜೋಡಿ

ಗುರುಪಾದನ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಮಾತು ಒಂದು ಬೈಗುಳ. ಬೈದದ್ದು ನನ್ನನ್ನಲ್ಲ, ಕೆಟ್ಟು ನಿಂತ ಸರ್ವರ್ ಕಂಪ್ಯೂಟರನ್ನು. ವಿಲೆ ಪಾರ್ಲೆಯ ಆ ಪುಟ್ಟ ಆಫೀಸಿನಲ್ಲಿ ಎಲ್ಲರೂ ಹಿಂದಿಯಲ್ಲಿ ಜಗಳವಾಡಿ ಇಂಗ್ಲಿಷಿನಲ್ಲಿ ಸಾರಿ ಕೇಳುವವರು. ಅಂಥಲ್ಲಿ ಹಿಂದಿನ ಮೇಜಿನಿಂದ ಯಾರೋ, "ಇದರ ಹೆಣಾ ಎತ್ತ, ಮತ್ತ ಬಿತ್ತಲ್ಲೋ!" ಅಂದಾಗ ನಾನು ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು.

ಅಲ್ಲಿಯವರೆಗೆ ನಾವಿಬ್ಬರೂ ಆಫೀಸ್ ಚಾಟ್‌ನಲ್ಲಿ ಮಾತ್ರ ಕಚ್ಚಾಡಿದವರು. ಜನ ನೋಡುವ ಪುಟ, ಅವರು ಒತ್ತುವ ಬಟನ್, ಇದು ನನ್ನ ಕೆಲಸ. ಒತ್ತಿದ ಮೇಲೆ ಹಿಂದಿನಿಂದ ಉತ್ತರ ಕೊಡುವ ಎಪಿಐ, ಅದು ಓಡುವ ಕ್ಲೌಡ್, ಎಲ್ಲ ಅವನದು. ಬಟನ್ ಕೈಕೊಟ್ಟರೆ ತಪ್ಪು ಅವನದೆಂದು ನಾನು, ನನ್ನದೆಂದು ಅವನು.

"ಕನ್ನಡದವರಾ?" ಎಂದೆ.

"ಹೌದ್ರಿ. ನೀವೂ?"

"ಮತ್ತೆಂತ? ಇಷ್ಟು ದಿನ ನನ್ನನ್ನು ಇಂಗ್ಲಿಷಲ್ಲಿ ಯಾಕೆ ಬೈದದ್ದು ಮಾರಾಯ್ರೆ?"

"ಕನ್ನಡದಾಗ ಬೈಯೂದು ಬರೇ ಮನೀ ಮಂದಿಗೆ ರೀ," ಅಂದ. ಅಂದ ಮೇಲೆ ಅದರ ಅರ್ಥ ಅವನಿಗೇ ಹೊಳೆದು ಕಿವಿ ಕೆಂಪಾಯಿತು. ಆ ಕಿವಿ ನೋಡಿ ನಾನು ಕೆಟ್ಟೆ. ಸುಳ್ಳು ಯಾಕೆ ಹೇಳಲಿ?

ಅವನ ಮನೆಯವರು ಕಲಬುರಗಿ ಕಡೆಯವರು, ಬಿಲ್ಡಿಂಗ್ ಕೆಲಸಕ್ಕೆ ಬಂದು ಸಾಂತಾಕ್ರೂಜ್‌ನ ಚಾಳಿನಲ್ಲಿ ನೆಲೆ ನಿಂತವರು. ನಮ್ಮದು ಉಡುಪಿ ಕಡೆ. ಅಪ್ಪ ಪೂವಪ್ಪ ಗ್ರಾಂಟ್ ರೋಡಿನಲ್ಲಿ ಹೋಟೆಲು ಇಟ್ಟವರು, ನಮ್ಮ ಸಮಾಜದ ಸಂಘಕ್ಕೆ ಅಧ್ಯಕ್ಷರು. ಮಧ್ಯಾಹ್ನ ಅವನ ತಾಯಿ ಸುಂದ್ರವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ನನ್ನ ಡಬ್ಬಿಗೆ ಬರುತ್ತಿತ್ತು. ನಮ್ಮ ಹೋಟೆಲಿನ ಬನ್ಸ್ ಅವನ ಡಬ್ಬಿಗೆ ಹೋಗುತ್ತಿತ್ತು. ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇಲ್ಲವೆಂಬಷ್ಟು ಸುಖವಾಗಿತ್ತು.

ಕೆಡಿಸಿದ್ದು ನನ್ನ ಬಾಯಿ. ಸಂಘಕ್ಕೆ ಗಂಡು ಹೆಣ್ಣು ಜೋಡಿಸುವ ಒಂದು ವೆಬ್‌ಸೈಟ್ ಬೇಕೆಂದು ಅಪ್ಪ ಹೇಳಿದಾಗ, ನಮ್ಮ ಆಫೀಸಿನಲ್ಲೇ ಮಾಡಿಕೊಡುತ್ತೇವೆ ಎಂದುಬಿಟ್ಟೆ. ಪುಟಗಳು ನನಗೆ ಬಂದವು, ಎಪಿಐ ಗುರುಪಾದನಿಗೆ.

"ಈ ಬಳಿ ಅಂದ್ರ ಏನ್ರಿ?" ಎಂದು ಕೇಳಿದ, ಸಂಘದವರು ಕೊಟ್ಟ ನಿಯಮ ಓದುತ್ತ.

"ತಾಯಿ ಕಡೆಯಿಂದ ಬರುವ ಕುಲ. ಒಂದೇ ಬಳಿಯವರು ಅಣ್ಣ ತಂಗಿ ಲೆಕ್ಕ. ಅವರೊಳಗೆ ಮದುವೆ ಇಲ್ಲ."

"ನನಗ ಬಳೀನೇ ಇಲ್ಲ. ಅಂದ್ರ ನಾ ನಿಮಗ ಅಣ್ಣ ಆಗಂಗಿಲ್ಲ, ಹೌದಿಲ್ಲೋ?"

"ಸಮಾಜದ ಹೊರಗಿನವನು ಅಣ್ಣನೂ ಅಲ್ಲ, ಬೇರೆ ಎಂತದೂ ಅಲ್ಲ. ಕೋಡ್ ಬರೆಯಿರಿ ಸುಮ್ಮನೆ."

ಬರೆದ. ತನ್ನನ್ನೇ ಹೊರಗಿಡುವ ನಿಯಮವನ್ನು ತನ್ನ ಕೈಯಾರೆ, ಅಚ್ಚುಕಟ್ಟಾಗಿ ಬರೆದ.

ಜನರ ಮುಂದೆ ಇಡುವ ಮೊದಲು ಸೈಟಿನ ಒಂದು ನಕಲನ್ನು ನಾವೇ ಓಡಿಸಿ ನೋಡುತ್ತೇವೆ. ಅದಕ್ಕೆ ಸ್ಟೇಜಿಂಗ್ ಎನ್ನುವುದು. ಸರಿ ಕಂಡ ಮೇಲೆ ಜನ ನೋಡುವ ಲೈವ್ ಸೈಟಿಗೆ ಏರಿಸುವುದು ಡಿಪ್ಲಾಯ್. ಸ್ಟೇಜಿಂಗ್‌ನಲ್ಲಿ ಹಾಕುವ ಹೆಸರುಗಳೆಲ್ಲ ಸುಳ್ಳುಸುಳ್ಳೇ. ಗುರುಪಾದ ಮೊದಲ ಜೋಡಿಗೆ ನನ್ನ ಹೆಸರು ಹಾಕಿ, ಎದುರಿಗೆ ತನ್ನ ಹೆಸರು ಹಾಕಿದ. ತನಗೊಂದು ಬಳಿಯನ್ನೂ ಸಾಲ ತಂದುಕೊಂಡ. ಫೋಟೋ ಬೇಕಲ್ಲ? ಆಫೀಸಿನ ದೀಪಾವಳಿಯಂದು ತೆಗೆದ ಗುಂಪು ಫೋಟೋದಿಂದ ಇಬ್ಬರ ಮುಖವನ್ನೂ ಕತ್ತರಿಸಿ ಅಂಟಿಸಿದ. ನಾನು ಕ್ಯಾಮೆರಾ ನೋಡುತ್ತಿದ್ದೆ. ಅವನು ಪಕ್ಕಕ್ಕೆ ತಿರುಗಿದ್ದ. ಕತ್ತರಿಸಿದ ಎರಡನ್ನೂ ಪುಟದಲ್ಲಿ ಅಕ್ಕಪಕ್ಕ ಇಟ್ಟಾಗ ಅವನು ನೋಡುತ್ತಿದ್ದುದು ಯಾರನ್ನೆಂದು ಕುರುಡರಿಗೂ ಕಾಣುವಂತಿತ್ತು.

"ಜೋಡಿ ಕೂಡೇದ ನೋಡು," ಅಂದ. ನೀವು ಹೋಗಿ ನೀ ಆದದ್ದು ಅಂದು.

"ಸ್ಟೇಜಿಂಗ್‌ನಲ್ಲಿ ಅಲ್ವಾ? ಹಗಲುಗನಸಿಗೆ ಬಾಡಿಗೆ ಇಲ್ಲ," ಎಂದೆ. ಆದರೆ ಆ ಪುಟವನ್ನು ಕಾರಣವಿಲ್ಲದೆ ಎಷ್ಟೋ ಸಲ ತೆರೆದು ನೋಡಿದವಳು ನಾನೇ.

ಉದ್ಘಾಟನೆ ಸಾಂತಾಕ್ರೂಜ್‌ನ ಒಂದು ಹೋಟೆಲಿನ ಹಾಲ್‌ನಲ್ಲಿ, ಭಾನುವಾರ ಬೆಳಿಗ್ಗೆ. ದೀಪ ಹಚ್ಚಲು ಇನ್ನು ಸ್ವಲ್ಪವೇ ಹೊತ್ತು ಎನ್ನುವಾಗ ಸಂಘದ ಹಿರಿಯರಾದ ಅಂಗಾರಣ್ಣ ಪರದೆ ನೋಡಿ ಮುಖ ಹುಳಿ ಮಾಡಿದರು.

"ಎಂತ ಇದು, ಖಾಲಿ ಉಂಟು? ಮುಹೂರ್ತಕ್ಕೆ ಬರೀ ತಟ್ಟೆ ಇಡ್ತಾರಾ? ಅಪಶಕುನ. ಏನಾದ್ರೂ ನಾಲ್ಕು ಹೆಸರು ಹಾಕಿ ಮಾರಾಯ್ರೆ."

ಪಾಪ, ಗುರುಪಾದ ಗಡಿಬಿಡಿಯಲ್ಲಿ ಸ್ಟೇಜಿಂಗ್‌ನ ಹೆಸರುಗಳನ್ನೇ ಲೈವ್ ಸೈಟಿಗೆ ಸುರಿದ. ಮೊದಲ ಜೋಡಿ ಯಾವುದೆಂಬುದು ಅವನಿಗೆ ಮರೆತಿತ್ತು. ನನಗೆ ಮರೆತಿರಲಿಲ್ಲ, ಆದರೆ ನಾನು ಆಗ ಅಪ್ಪನಿಗೆ ಬೆಂಕಿಪೊಟ್ಟಣ ಹುಡುಕುತ್ತಿದ್ದೆ.

ಅಪ್ಪ ದೀಪ ಹಚ್ಚಿದರು, ಕೈಮುಗಿದರು, ಬಟನ್ ಒತ್ತಿದರು. ಗೋಡೆಯಗಲದ ಪರದೆಯ ಮೇಲೆ ನಾನು. ಪಕ್ಕದಲ್ಲಿ ಗುರುಪಾದ, ಕಣ್ಣು ಕೀಳದೆ ನನ್ನನ್ನೇ ನೋಡುತ್ತ.

ಯಾರೋ ಹೆಂಗಸರು, "ಅಯ್ಯೋ, ಹುಡುಗ ಚಂದ ಇದ್ದಾನಲ್ಲ, ಯಾರ ಮನೆಯವ?" ಎಂದರು. ಕೆಲವರು ನಕ್ಕರು. ಅಪ್ಪ ನಗಲಿಲ್ಲ. ನಿಧಾನವಾಗಿ ತಿರುಗಿದರು.

"ಎಂತ ಇದು ಗುರುಪಾದ?"

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಹೇಳು, ಎಂದುಕೊಂಡೆ. ನಮಗಿಬ್ಬರಿಗೂ ಇಲ್ಲದ ಧೈರ್ಯವನ್ನು ದೇವರೇ ಡಿಪ್ಲಾಯ್ ಮಾಡಿದ್ದಾನೆ. ಹೇಳಿಬಿಡು. ಅವನು ಒಂದು ಹೆಜ್ಜೆ ಮುಂದಿಟ್ಟರೆ ಎರಡನೆಯದನ್ನು ನಾನು ಇಡುವುದೆಂದು ಅಲ್ಲೇ ನಿರ್ಧರಿಸಿದ್ದೆ.

"ಸಾರಿ ಸರ್," ಎಂದ ಗುರುಪಾದ. "ಟೆಸ್ಟ್ ಡೇಟಾ ಅದ. ಹಂಗೇನಿಲ್ರಿ."

ಅಷ್ಟು ಹೇಳಿ ನಮ್ಮನ್ನು ಅಳಿಸಿದ. ಜನ ಚಪ್ಪಾಳೆ ತಟ್ಟಿದರು. ಕೇಸರಿಬಾತ್ ಬಂತು.

ಮೆಟ್ಟಿಲಿನ ಹತ್ತಿರ ಅವನನ್ನು ಹಿಡಿದು ಕೇಳಿದೆ. "ಹಾಗೇನೂ ಇಲ್ವಾ?"

"ಅಷ್ಟ್ ಮಂದಿ ಮುಂದ ನಿಮ್ಮಪ್ಪಾರ ಮರ್ಯಾದಿ ಪ್ರಶ್ನೆ ಇತ್ತು."

"ಅಪ್ಪನ ಮರ್ಯಾದೆ ನೋಡಿದೆ. ನನ್ನ ಮುಖ ನೋಡಿದ್ಯಾ?"

"ನೋಡಿದ್ರ ಹೇಳಿಬಿಡತಿದ್ದೆ. ಅದಕ್ಕ ನೋಡಲಿಲ್ಲ."

ಇಂಥ ಮಾತಿಗೆ ಏನು ಮಾಡುವುದು? ಕೆನ್ನೆಗೆ ಹೊಡೆಯುವುದೋ, ಕೈ ಹಿಡಿಯುವುದೋ? ಎರಡೂ ಮಾಡದೆ ಮನೆಗೆ ಬಂದೆ. ಆ ಸಂಜೆ ಅಪ್ಪನ ಎದುರು ಕೂತು, ತುಳುವಿನಲ್ಲೇ, ನಾನೇ ಹೇಳಿದೆ. ಅವನಿಗೆ ಹೇಗೋ ಗೊತ್ತಿಲ್ಲ, ನನಗೆ ಅದು ಟೆಸ್ಟ್ ಅಲ್ಲ ಎಂದು.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅವ ಅಲ್ಲೇ ಒಂದು ಮಾತು ಹೇಳಿದ್ರೆ ನಾನು ಚೆನ್ನಾಗಿ ಬೈತಿದ್ದೆ. ಬೈದ ಮೇಲೆ ಯೋಚನೆ ಮಾಡ್ತಿದ್ದೆ. ಈಗ ಅಷ್ಟು ಜನರೆದುರು ಇಲ್ಲ ಅಂದವನ ಹತ್ತಿರ ನಾನು ಯಾವ ಮುಖ ಹೊತ್ತು ಹೋಗುವುದು?" ಎಂದರು. ಆಮೇಲೆ, "ಅವನೇ ಬಂದು ಕೇಳಲಿ," ಎಂದು ಎದ್ದುಹೋದರು.

ಆ ಮಾತನ್ನು ಗುರುಪಾದನಿಗೆ ಮುಟ್ಟಿಸಿದೆ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಗ್ರಾಂಟ್ ರೋಡಿಗೆ ಬಂದ. ನಾನು ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದೆ. ಅಪ್ಪ ಎದುರು ಕೂತು ಚಹಾ ತರಿಸಿದರು. ಕಾದರು. ಗಿರಾಕಿಗಳನ್ನೂ ಬಿಟ್ಟು ಕಾದರು. ಗುರುಪಾದ ಕಪ್ಪನ್ನು ಬಸಿಯಲ್ಲಿ ತಿರುಗಿಸಿದ, ಗಂಟಲು ಸರಿ ಮಾಡಿಕೊಂಡ, ಹೇಳಿದ.

"ಸರ್, ನಿಮ್ಮ ಸೈಟಿಂದು ಬ್ಯಾಕಪ್ ದಿನಾ ಆಗತದ್ರಿ. ಸರ್ವರ್ ಬಿದ್ರೂ ಒಂದು ಹೆಸರೂ ಹೋಗಂಗಿಲ್ಲ. ಚಿಂತಿ ಮಾಡಬ್ಯಾಡ್ರಿ."

ಅಪ್ಪ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆ ಇತ್ತು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿಜವಾಗಿ ಕೇಳಿದ್ದರೆ ಅಪ್ಪ ಒಪ್ಪುತ್ತಿದ್ದರೇ? ಗೊತ್ತಿಲ್ಲ. ಕೇಳದವನ ಬಗ್ಗೆ ಉದಾರವಾಗಿರುವುದು ಸುಲಭ. ಆದರೆ ಅವರು ಕಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮತ್ತು ಕಂಪ್ಯೂಟರಿನ ಎದುರು ಯಾವ ಗಂಟನ್ನಾದರೂ ಬಿಡಿಸುವ ಆ ಹುಡುಗನಿಗೆ ಒಂದು ವಾಕ್ಯ ಬಿಡಿಸಲಾಗದ್ದನ್ನೂ.

ನಾನು ಆ ಆಫೀಸು ಬಿಟ್ಟೆ. ಅಪ್ಪ ನನ್ನ ವಿವರವನ್ನು ಸೈಟಿನಲ್ಲಿ ಹಾಕಿದರು, ನಾನು ಬೇಡವೆನ್ನಲಿಲ್ಲ. ಥಾಣೆ ಊರಿನ ಸುಕೇಶ್‌ನ ಹೆಸರು ಬಂತು. ಬಳಿ ಬೇರೆ, ಗುಣ ಒಳ್ಳೆಯದು, ನನ್ನ ಹತ್ತಿರ ಮಾತಾಡುವಾಗ ನನ್ನ ಮುಖವನ್ನೇ ನೋಡುತ್ತಾನೆ. ಅವನ ಮೇಲೆ ದೂರು ಹೇಳಲು ಏನೂ ಸಿಗದೆ ಅಳು ಬರುತ್ತಿತ್ತು.

ನಿಶ್ಚಿತಾರ್ಥದ ಮರುದಿನ ಅಪ್ಪ, "ಸಂಘದವರಿಗೆ ಮೇಲ್ಪಂಕ್ತಿ ಆಗಲಿ," ಎಂದು ಸೈಟಿನಲ್ಲಿ 'ಮದುವೆ ನಿಶ್ಚಯ' ಒತ್ತಿದರು. ಆಗಲಿಲ್ಲ. ಮತ್ತೆ ಒತ್ತಿದರು, ಕೆಂಪಕ್ಷರದಲ್ಲಿ ಏನೋ ಬಂತು. "ಗುರುಪಾದನ ಹತ್ತಿರ ನೀನೇ ಕೇಳು," ಎಂದು ಫೋನು ಕೈಗಿಟ್ಟು ಒಳಗೆ ಹೋದರು.

"ಒಂದು ಬಟನ್ ಒತ್ತಿದ್ರೆ ಆಗ್ತಾ ಇಲ್ಲ," ಎಂದೆ.

"ಯಾವ ಬಟನ್?" ಎಂದ ಗುರುಪಾದ.

ಹೇಳಿದೆ.

"ಯಾರ ಪ್ರೊಫೈಲ್?"

"ನನ್ನದು."

ಕೀಬೋರ್ಡಿನ ಸದ್ದು ಶುರುವಾಯಿತು. ರಿಪೇರಿ ಆಗುವುದಿಲ್ಲ ಎನ್ನು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ತಿಂಗಳಾಗುತ್ತದೆ ಎನ್ನು. ಸುಳ್ಳಾದರೂ ಹೇಳು. ಕೀಬೋರ್ಡು ನಿಲ್ಲಲಿಲ್ಲ, ಅವನು ಕೆಲಸದಲ್ಲಿ ಎಂದೂ ಸುಳ್ಳು ಹೇಳಿದವನಲ್ಲ.

"ತಪ್ಪು ಸಿಕ್ತು. ಡಿಪ್ಲಾಯ್ ಆಗ್ಲಿಕತ್ತದ," ಎಂದ. "ಆಗೂತನಾ ಫೋನ್ ಇಡಬ್ಯಾಡ."

ಇಡಲಿಲ್ಲ. ಅವನ ಹಿಂದೆ ಎಲ್ಲೋ ಲೋಕಲ್ ರೈಲೊಂದು ಹಾದುಹೋಯಿತು. ಅವನ ಉಸಿರು ಕೇಳುತ್ತಿತ್ತು, ನನ್ನದು ಅವನಿಗೆ ಕೇಳುತ್ತಿತ್ತೇನೋ.

"ವಿನೋದಿನಿ."

"ಹೇಳು."

"ನೀ ಅಂದ್ರ ನನಗ ಭಾಳ ಜೀವ. ಮೊದಲಿಂದನೂ."

"ಗೊತ್ತುಂಟು," ಎಂದೆ.

ಆಮೇಲೆ ಅವನು ಮೂಗು ಎಳೆದುಕೊಂಡು, "ಆತು. ಈಗ ಒತ್ತಿ ನೋಡು," ಎಂದ.

ಒತ್ತಿದೆ. ಆಯಿತು.