ಹಂಡೆಯ ತಳದಲ್ಲಿ ನಾಲ್ಕು ಬೆರಳು

ಬೆನ್ನಿಗೆ ಪಿಸ್ತೂಲು. ಎದುರಿಗೆ ಹಂಡೆಯಲ್ಲಿ ಕುದಿಯುವ ಈಥರ್. ಯಾವುದಕ್ಕೆ ಹೆಚ್ಚು ಹೆದರಬೇಕು, ನೀವೇ ಹೇಳಿ!

ನಾನು ಹೆದರಿದ್ದು ಹಂಡೆಗೆ. ಪಿಸ್ತೂಲು ಹಿಡಿದವನನ್ನು ಮಾತಾಡಿಸಿ ಕಾಲ ತಳ್ಳಬಹುದು. ಹಂಡೆ ಯಾರ ಮಾತೂ ಕೇಳುವುದಿಲ್ಲ.

ಹೆಸರು ಲೆಯೊಕಾದಿಯಾ. ಮಿನಾತಿತ್ಲಾನ್ ಎಂಬ ಕಾರ್ಖಾನೆಗಳ ಊರಿನಲ್ಲಿ ಕಾಣೆಯಾದ ಗಂಡಂದಿರನ್ನು ಹುಡುಕಿಕೊಡುವುದು ನನ್ನ ಕಸುಬು. ನೂರಕ್ಕೆ ತೊಂಬತ್ತು ಮಂದಿ ಇನ್ನೊಬ್ಬಳ ಮಂಚದ ಮೇಲೆ ಸಿಗುತ್ತಾರೆ. ಈ ಸಲ ನನ್ನ ಬಳಿ ಬಂದ ಒಬ್ದುಲಿಯಾಳ ಗಂಡ, ಮುದುಕ ನಿಕಾನೋರ್ ಮಾತ್ರ ನದಿ ದಂಡೆಯ ಈ ಮುಚ್ಚಿದ ಕಾರ್ಖಾನೆಯಲ್ಲಿ ಸಿಕ್ಕ. ತುಟಿ ಒಡೆದಿತ್ತು. ಮೂರು ದಿನದಿಂದ ಅವನಿಂದ ಬಲವಂತವಾಗಿ ಬಟ್ಟಿ ಇಳಿಸಿಕೊಳ್ಳುತ್ತಿದ್ದರು.

"ಜೀವಂತ ಕರ್ಕೊಂಡು ಬಾ," ಅಂದಿದ್ದಳು ಒಬ್ದುಲಿಯಾ. "ಹೆಣ ಹುಡುಕೋಕೆ ಪೊಲೀಸ್ರಿದ್ದಾರೆ."

ಹುಡುಕಿದೆ, ಸರಿ. ಕಿಟಕಿ ಹಾರಿ ಒಳಗೆ ಇಳಿದ ಎರಡೇ ನಿಮಿಷಕ್ಕೆ ನಾನೂ ಸಿಕ್ಕಿಬಿದ್ದೆ!

ಮಟಮಟ ಮಧ್ಯಾಹ್ನ. ಮೇಲೆ ಕಾದ ತಗಡು. ಬೆವರು ಹಿಮ್ಮಡಿಗೆ ಇಳಿಯುತ್ತಿತ್ತು. ಈಥರ್ ವಾಸನೆಗೆ ತಲೆ ತಿರುಗುತ್ತಿತ್ತು.

"ನಿಲ್ಸು ಬಲ್ತಸಾರ್," ಅಂದ ನಿಕಾನೋರ್. "ಹಂಡೇಲಿ ಇನ್ನೊಂದು ಗೇಣು ಉಳಿದಿದೆ. ಅದನ್ನ ಕುದಿಸಬಾರದು."

"ಒಂದು ಗೇಣು ಅಂದ್ರೆ ಎರಡು ಡ್ರಮ್ಮು! ಕೊನೇ ಹನೀವರೆಗೂ ಬೇಕು ನಂಗೆ."

ಬಲ್ತಸಾರ್ ಕಬ್ಬಿನ ಗುಡ್ಡಗಳ ಕಡೆಯವನು. ಆ ಸೆಕೆಯಲ್ಲೂ ಇಸ್ತ್ರಿ ಮಡಿಕೆ ಕೆಡದ ಅಂಗಿ. ಯಾರದೋ ಅಂಗಳದಲ್ಲಿ ಬಿದ್ದಿದ್ದ ಹಳೆ ಈಥರ್ ಕದ್ದು ತಂದಿದ್ದ. ಶುದ್ಧ ಮಾಡಿ ಹೊಸದೆಂದು ಮಾರುವ ಲೆಕ್ಕ.

"ಎರಡು ವರ್ಷ ಬಿಸಿಲಲ್ಲಿ ಬಿದ್ದಿದ್ದ ಮಾಲು ಕಣಯ್ಯಾ. ಗಾಳಿ ಸೇರಿ ಒಳಗೆ ಬೇರೇನೋ ಹುಟ್ಟಿರುತ್ತೆ. ಅದು ಆವಿಯಾಗಲ್ಲ. ತಳದಲ್ಲೇ ಕೂತ್ಕೊಳ್ಳುತ್ತೆ. ತಳ ಒಣಗಿದ್ರೆ ಸಿಡಿಯುತ್ತೆ!"

ಬಲ್ತಸಾರ್ ನಕ್ಕ.

"ಮುದುಕಾ, ನಂಗೇ ಬಟ್ಟಿ ಇಳಿಸೋದು ಹೇಳ್ಕೊಡ್ತೀಯಾ? ನಮ್ಮಜ್ಜ ನಲವತ್ತು ವರ್ಷ ಕಬ್ಬಿನ ಸಾರಾಯಿ ಇಳಿಸಿದೋನು. ಮೊದಲು ಬರೋದೇ ವಿಷ. ಅದನ್ನ ಚೆಲ್ಲಿಬಿಟ್ರೆ ಮುಗೀತು. ಬೆಳಿಗ್ಗೆ ನಾನೇ ನಿಂತು ಮೊದಲ ಬಕೆಟ್ ಚೆಲ್ಲಿಸಿದ್ದೀನಿ. ಇನ್ನೆಲ್ಲಿ ಭಯ?"

"ಸಾರಾಯೀಲಿ ಕೇಡು ಮುಂದೆ ಬರುತ್ತೆ ಮಗಾ. ಇದರಲ್ಲಿ ಹಿಂದೆ ಉಳಿಯುತ್ತೆ."

ಫಟ್! ಮುದುಕನ ಕೆನ್ನೆಗೆ ಬಿತ್ತು.

ಆಗ ಬಲ್ತಸಾರನ ಕಣ್ಣು ನೋಡಿದೆ. ಇವನು ನಾಟಕ ಆಡುತ್ತಿರಲಿಲ್ಲ... ನಂಬಿದ್ದ! ಸುಳ್ಳುಗಾರನ ಜತೆ ಚೌಕಾಸಿ ಮಾಡಬಹುದು. ಅಜ್ಜನನ್ನು ನಂಬಿದವನ ಜತೆ ಏನು ಮಾಡುತ್ತೀರಿ?

ಹಂಡೆಯ ಪಕ್ಕದ ಗಾಜಿನ ಕೊಳವೆಯಲ್ಲಿ ಮಟ್ಟ ಇಳಿಯುತ್ತಿತ್ತು. ಆರು ಬೆರಳು... ಐದು...

ಬೆನ್ನ ಹಿಂದೆ ಪಿಸ್ತೂಲು ಹಿಡಿದವನು ಎಪಿಫಾನಿಯೊ. ನನಗೆ ಗುರುತಿದ್ದವನೇ, ಕಾರ್ಖಾನೆಗಳ ಬೀದಿಯಲ್ಲೇ ಬೆಳೆದವನು. ಸೈರನ್ ಕೂಗಿದರೆ ಯಾವ ಕಡೆ ಓಡಬೇಕೆಂದು ಅಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಎಪಿಫಾನಿಯೊ," ಅಂದೆ. "ದೋನ್ ನಿಕಾನೋರ್ ಏನ್ಮಾಡ್ತಿದ್ದಾರೆ ನೋಡು."

"ಬಾಯ್ಮುಚ್ಚು!"

"ನೋಡು ಅಂದೆ!"

ಮುದುಕ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ. ತುಟಿ ಅಲುಗುತ್ತಿತ್ತು.

"ಮೂವತ್ತು ವರ್ಷ ಹಂಡೆ ಕಾಯ್ದೋರು. ನಿನ್ನ ಪಿಸ್ತೂಲು ನೋಡಿ ಪ್ರಾರ್ಥನೆ ಮಾಡ್ಲಿಲ್ಲ. ಏಟು ತಿಂದಾಗ ಮಾಡ್ಲಿಲ್ಲ. ಈಗ ಮಾಡ್ತಿದ್ದಾರೆ!"

ನಾಲ್ಕು ಬೆರಳು.

ಪಿಸ್ತೂಲು ನಡುಗತೊಡಗಿತು. ಅಯ್ಯೋ ದೇವರೇ! ಆ ನಡುಕದಲ್ಲಿ ಟ್ರಿಗರ್ ಎಳೆದುಬಿಟ್ಟರೆ, ಈ ಆವಿಯಲ್ಲಿ ಒಂದು ಕಿಡಿ ಹಾರಿದರೆ...

"ಧಣೀ, ಸಾಕು, ನಿಲ್ಸಿಬಿಡೋಣ..."

"ಹೇಡಿ! ಲಂಗ ಹಾಕ್ಕೊಂಡು ಮನೇಲಿ ಕೂತ್ಕೋ ಹೋಗು!"

ಹೋದ! ಬೆನ್ನು ಹಗುರಾಯಿತು. ದಡದಡ ಹೆಜ್ಜೆ ಸದ್ದು. ಪಿಸ್ತೂಲಿನ ಸಮೇತ ಬಾಗಿಲು ದಾಟಿ ಓಡಿಬಿಟ್ಟ!

"ಬನ್ನಿ ದೋನ್ ನಿಕಾನೋರ್!" ಕೈ ಹಿಡಿದು ಎಳೆದೆ.

ಮುದುಕ ಕದಲಲಿಲ್ಲ.

"ಹಂಡೆ ಕಾಯಿಸೋ ಹಬೆ ನಿಲ್ಸದೆ ಹೆಂಗೆ ಬರ್ಲಿ ಮಗಳೇ? ಹಚ್ಚಿದೋನೇ ಆರಿಸ್ಬೇಕು."

"ಬದುಕಿದ್ರೆ ತಾನೇ ನಿಮ್ಮ ಕಟ್ಟಳೆ!"

ಕೇಳಿದನೇ? ಹಬೆಯ ವಾಲ್ವಿಗೆ ಎರಡೂ ಕೈ ಹಾಕಿ ತಿರುಗಿಸತೊಡಗಿದ. ತುಕ್ಕು ಹಿಡಿದ ಚಕ್ರ. ಬಲ್ತಸಾರ್ ಅವನ ಕುತ್ತಿಗೆಗೆ ಹಾರಿದ. ನಾನು ಬಲ್ತಸಾರನ ಮೊಣಕಾಲಿಗೆ ಒದ್ದೆ. ಇಸ್ತ್ರಿ ಅಂಗಿ ನೆಲಕ್ಕೆ ಬಿತ್ತು. ಒಂದು ಸುತ್ತು... ಎರಡು... ಹಬೆ ನಿಂತಿತು.

ಓಡಿದೆವು. ಕಳೆ ಬೆಳೆದ ಅಂಗಳ. ಮುದುಕನಿಗೆ ಉಬ್ಬಸ. ಬಲ್ತಸಾರ್ ಬೆನ್ನಟ್ಟಿ ಬಂದನೇ ಎಂದು ತಿರುಗಿ ನೋಡಿದೆ.

ಬಂದಿರಲಿಲ್ಲ. ತೆರೆದ ಬಾಗಿಲೊಳಗೆ ಕಂಡ, ಕುಂಟುತ್ತಾ ವಾಲ್ವಿನ ಹತ್ತಿರ ಹೋಗಿದ್ದ. ಮತ್ತೆ ತೆರೆಯುತ್ತಿದ್ದ!

"ಬೇಡ ಮಗಾ! ಬೇಡಾ!" ನಿಕಾನೋರ್ ಕಿರುಚಿದ. ವಾಪಸ್ ಓಡಲು ಹೊರಟವನನ್ನು ಸೊಂಟ ಹಿಡಿದು ಒಣ ಚರಂಡಿಗೆ ಕೆಡವಿ ಮೇಲೆ ಬಿದ್ದುಕೊಂಡೆ.

ಒಂದು ನಿಮಿಷ. ಎರಡು. ಏನೂ ಆಗಲಿಲ್ಲ.

ಒಳಗಿನಿಂದ ಬಲ್ತಸಾರನ ದನಿ ಕೇಳಿತು. "ನೋಡಿದ್ಯಾ ಮುದುಕಾ? ಏನಾಯ್ತೋ ಈಗ?"

ಆಮೇಲೆ ನೆಲ ನಮ್ಮಿಬ್ಬರನ್ನೂ ಮೇಲಕ್ಕೆ ಗುದ್ದಿತು.

ಸದ್ದು ಕೇಳಿದ ನೆನಪಿಲ್ಲ. ತಗಡುಗಳು ಆಕಾಶದಲ್ಲಿ ತಿರುಗುತ್ತಾ ಬೀಳುತ್ತಿದ್ದುದು ಮಾತ್ರ ನೆನಪಿದೆ. ನಾನು ಅತ್ತೆ, ನಾಚಿಕೆ ಬಿಟ್ಟು ಅತ್ತೆ. ಮುದುಕನೂ ಅಳುತ್ತಿದ್ದ. ಅವನು ಅತ್ತದ್ದು ಬಲ್ತಸಾರನಿಗಾಗಿ.

ಒಬ್ದುಲಿಯಾ ಬಂದು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಎಷ್ಟು ಉಳಿದಿವೆ ಎಂದು ನೋಡಿದಳು. ಪೊಲೀಸಿನವನು ಪುಸ್ತಕ ತೆರೆದು ಪಕ್ಕದಲ್ಲಿ ಕೂತ.

"ಸಾವಿಗೆ ಕಾರಣ ಏನಂತ ಬರ್ಕೊಳ್ಳಲಿ ಸೆನ್ಯೋರಾ?"

"ಅಜ್ಜನ ಅನುಭವ," ಅಂದೆ.