ರಾಗಿಯ ಮೇಲೊಂದು ಮೆರವಣಿಗೆ

"ಟೇಕಲ್ ಬೆಟ್ಟದ ಆಚೆ ಒಂದೂರಿತ್ತಂತೆ. ಆ ಊರಿಗೆ ಇಬ್ಬರು ರಾಜರು ಬಂದ್ರಂತೆ. ಇಬ್ಬರಿಗೂ ಕಿರೀಟ ಇಲ್ಲ, ಕುದುರೆ ಇಲ್ಲ. ಒಂದೊಂದು ಜೀಪು, ಅದರ ಮೇಲೊಂದೊಂದು ಮೈಕು. 'ರಾಜ್ಯ ಕೊಡಿ, ನಿಮಗೆಲ್ಲ ಕೆಲಸ ಕೊಡ್ತೀವಿ' ಅಂತ ಕೂಗೋರಂತೆ..."

ಅಜ್ಜಿ ಗಂಗರತ್ನಮ್ಮ ಅಷ್ಟಕ್ಕೇ ಕತೆ ನಿಲ್ಲಿಸಿ ಆಕಾಶ ನೋಡಿದಳು. ಬೆಟ್ಟದ ನೆತ್ತಿಗೆ ಮೋಡ ಕವಿದಿತ್ತು.

ಮೊಮ್ಮಗಳು ಮೇಘನಳ ಮುಂದೆ, ಊರ ಮೇಲಿನ ಟಾರು ರಸ್ತೆಯ ಉದ್ದಕ್ಕೂ ರಾಗಿ ತೆನೆ ಹರಡಿತ್ತು. ಬಸ್ಸು, ಲಾರಿ ಓಡಾಡಿದರೆ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಆ ಊರಿನವರು ರಾಗಿ ಒಕ್ಕುವುದೇ ಹಾಗೆ. ಆದರೆ ಈವತ್ತು ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ. ಊರಿನ ಟ್ರ್ಯಾಕ್ಟರುಗಳೆಲ್ಲ ಜಿಲ್ಲಾ ಪಂಚಾಯಿತಿ ಎಲೆಕ್ಷನ್ ಪ್ರಚಾರಕ್ಕೆ ಹೋಗಿದ್ದವು.

"ನೆಂದ್ರೆ ಮೊಳಕೆ ಬಂದ್ಬಿಡುತ್ತೆ ಕಣಮ್ಮಿ. ವರ್ಷದ ಮುದ್ದೆ ಹೋದಂಗೇ. ಅಯ್ಯೋ ದೇವುಡಾ!"

"ಮೂಟೆ ಕಟ್ಟೋ ತನಕ ನನ್ನ ಜವಾಬ್ದಾರಿ ಅಜ್ಜಿ. ಪ್ರಾಮಿಸ್!" ಎಂದವಳೇ ಮೇಘನ ಓಡಿದಳು.

ಹಾಲಿನ ಡೇರಿ ಮುಂದೆ ಕ್ಯಾಂಡಿಡೇಟ್ ಚಂದ್ರಮೋಹನ್ ಜೀಪು ನಿಂತಿತ್ತು. "ಟೊಮೇಟೊ ಸಾಸ್ ಫ್ಯಾಕ್ಟರಿ ತರ್ತೀವಿ! ಮನೆಗೊಂದು ಕೆಲಸ!" ಎಂದು ಮೈಕು ಒದರುತ್ತಿತ್ತು.

"ಅಂಕಲ್, ಮೇಲಿನ ರಸ್ತೆಗೆ ಬನ್ನಿ. ಅಲ್ಲಿ ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ."

"ಹೌದಾ ಪುಟ್ಟಿ? ಎಷ್ಟು ಜನ?"

ಮೇಘನ ಕೇಳಿಸದವಳಂತೆ ಮುಂದೆ ಓಡಿದಳು. ಜೀಪು ಹೊರಟಿತು. ಹಿಂದೆ ಆಟೋ, ಅದರ ಹಿಂದೆ ಜನ ತುಂಬಿದ ಟ್ರ್ಯಾಕ್ಟರು. ತೆನೆ ಚರಚರ ಎಂದಿತು. ಕಾಯುತ್ತಿದ್ದ ಅಜ್ಜಿ ರಸ್ತೆಬದಿಯಲ್ಲಿ ನಿಂತು ಎರಡೂ ಕೈ ಮುಗಿದಳು. ಅವರು ಹೋದರು, ಮುಂದೆ ಯಾರೂ ಸಿಗದೆ ತಿರುಗಿ ಬಂದರು. ಅಜ್ಜಿ ಮತ್ತೆ ಕೈ ಮುಗಿದಳು.

ಅಷ್ಟರಲ್ಲಿ ಮೇಘನ ಸ್ಕೂಲ್ ಗೇಟಿನ ಹತ್ತಿರ ತಲುಪಿದ್ದಳು. ಅಲ್ಲಿ ಇನ್ನೊಂದು ಜೀಪಿನಲ್ಲಿ ಎದುರಾಳಿ ಕೋದಂಡರಾಮಪ್ಪ. "ಮಾಲೂರಿನ ಫ್ಯಾಕ್ಟರಿಗಳಲ್ಲಿ ಮೊದಲ ಕೆಲಸ ನಮ್ಮ ಹುಡುಗರಿಗೇ!"

"ತಾತಾ, ಚಂದ್ರಮೋಹನ್ ಅಂಕಲ್ ಮೇಲಿನ ರಸ್ತೇಲಿ ಹೋಗಿದ್ದೂ ಆಯ್ತು, ಬಂದಿದ್ದೂ ಆಯ್ತು."

"ಏನು, ಎರಡು ಸಲಾನಾ? ನಡೀರ್ಲಾ, ನಾವು ಇನ್ನೂ ಜಾಸ್ತಿ ಸುತ್ತೋಣ!"

ಆ ಸುದ್ದಿಯನ್ನು ಮೇಘನಳೇ ಚಂದ್ರಮೋಹನ್‌ಗೂ ಮುಟ್ಟಿಸಿದಳು. ಮತ್ತೆ ಕೇಳಬೇಕೆ? ಆ ಕಡೆಯಿಂದ ಸಾಸ್ ಫ್ಯಾಕ್ಟರಿ, ಈ ಕಡೆಯಿಂದ ಮಾಲೂರು ಫ್ಯಾಕ್ಟರಿ. ಗಾಡಿಗಳು ಮರೆಯಾದಾಗಲೆಲ್ಲ ಅಜ್ಜಿ ಕೋಲಿನಿಂದ ತೆನೆ ತಿರುವಿ ಹಾಕಿ, ಏನೂ ಅರಿಯದವಳಂತೆ ಬದಿಗೆ ನಿಲ್ಲುತ್ತಿದ್ದಳು.

"ನಿಲ್ಸೋ ಜೀಪು!"

ಕೋದಂಡರಾಮಪ್ಪ ಕೆಳಗಿಳಿದು ಬಗ್ಗಿ ಟೈರು ನೋಡಿದರು. ಸಂದಿಯಲ್ಲೆಲ್ಲ ರಾಗಿ ಹುಲ್ಲು. ಮೇಘನ ಅಜ್ಜಿಯ ಬೆನ್ನ ಹಿಂದೆ ಅವಿತಳು.

"ಏನವ್ವಾ, ನನ್ನ ಕೈಲಿ ಒಕ್ಕಣೆ ಮಾಡಿಸ್ತಾ ಇದ್ದೀಯಾ?"

"ಎಲ್ರಿಗೂ ಕೆಲಸ ಕೊಡ್ತೀನಿ ಅಂತ ಕೂಗ್ತಿದ್ರಲ್ಲ ಸ್ವಾಮಿ. ಪಾಪ, ನಿಮಗೂ ಒಂದು ಇರ್ಲಿ ಅಂತ ಮೊಮ್ಮಗಳು ಕೊಟ್ಲು."

ಟ್ರ್ಯಾಕ್ಟರಿನಲ್ಲಿದ್ದವರು ಗೊಳ್ಳೆಂದರು. ಕೋದಂಡರಾಮಪ್ಪನವರಿಗೂ ನಗು ತಡೆಯಲಾಗಲಿಲ್ಲ. "ಭಲೇ ಹುಡುಗಿ! ಗೆದ್ದ ಮೇಲೆ ನಿಮ್ಮೂರಿಗೆ ಒಕ್ಕಣೆ ಮೆಷಿನ್ನೇ ತರಿಸ್ತೀನಿ. ಪ್ರಾಮಿಸ್!"

"ಮೆಷಿನ್ ಬಂದಾಗ ಬರ್ಲಿ. ಈಗ ತೂರೋಕೆ ಎರಡು ಕೈ ಬೇಕಿತ್ತು" ಎಂದಳು ಅಜ್ಜಿ.

"ಮಾಲೂರಲ್ಲಿ ಮೀಟಿಂಗ್ ಇದೆಯವ್ವಾ..." ಜೀಪು ಬುರ್ರೆಂದು ಹೊರಟುಹೋಯಿತು.

ದೂರದಿಂದ ಗೆಳತಿ ರಜನಿ ಕೂಗಿದಳು, "ಮೇಘನಾ, ಬಾರೇ! ಜೀಪಿನೋರು ಟೋಪಿ ಹಂಚ್ತಿದ್ದಾರೆ!"

ಮೇಘನ ಒಂದೇ ಉಸಿರಿಗೆ ಅರ್ಧ ದೂರ ಓಡಿದಳು. ಅಲ್ಲೇ ನಿಂತುಬಿಟ್ಟಳು. ಪ್ರಾಮಿಸ್ ಎಂದು ಕೋದಂಡರಾಮಪ್ಪ ತಾತ ಹೇಳಿದ ರೀತಿ ಅವಳ ಕಿವಿಯಲ್ಲಿನ್ನೂ ಇತ್ತು. ಬೆಳಿಗ್ಗೆ ತಾನೂ ಥೇಟ್ ಹಾಗೇ ಹೇಳಿದ್ದಳು, ಓಡುತ್ತಾ.

ತಿರುಗಿ ನೋಡಿದಳು. ಅಜ್ಜಿ ಒಬ್ಬಳೇ ಸೊಂಟ ಬಗ್ಗಿಸಿ ಹುಲ್ಲು ಸರಿಸುತ್ತಿದ್ದಳು.

"ನೀನು ಹೋಗೇ ರಜನಿ, ನಾನು ಬರಲ್ಲ!"

ಮೇಘನ ಪೊರಕೆ ಹಿಡಿದು ಕಾಳು ಗುಡ್ಡೆ ಮಾಡಿದಳು. ಗಾಳಿ ಜೋರಾಯಿತು. ಅಜ್ಜಿ ಮೊರ ಎತ್ತಿ ಸುರಿದಂತೆ ಹೊಟ್ಟು ಹಾರಿಹೋಗಿ, ಕೆಂಪು ರಾಗಿ ಕಾಲ ಬಳಿ ಬಿತ್ತು. ಮೇಘನಳ ಕೂದಲಲ್ಲಿ ಹೊಟ್ಟು, ಮೂಗಲ್ಲಿ ಸೀನು. ಬೆಟ್ಟದ ಆಚೆ ಎಲ್ಲೋ ಮೈಕು ಇನ್ನೂ ಕೆಲಸ ಕೊಡುತ್ತಲೇ ಇತ್ತು.

ಕೊನೆಯ ಮೂಟೆಯ ಬಾಯಿಯನ್ನು ಅವಳು ಎರಡೂ ಕೈಯಲ್ಲಿ ಬಿಗಿಹಿಡಿದಳು. ಅಜ್ಜಿ ದಾರ ಸುತ್ತಿ ಗಂಟು ಹಾಕಿದಳು. ಮೊದಲ ಹನಿ ಟಪ್ಪೆಂದು ಗಂಟಿನ ಮೇಲೆ ಬಿತ್ತು.